ಅಜೀಜುದ್ದೀನ್ ರಸ್ತೆಯ ನಾರಾಯಣ

ಕಳೆದ ತಿಂಗಳು ಹಾಸನದಿಂದ ಸಾಲಗಾಮೆಗೆ ಹೋಗುವ ಬಸ್ಸಿನಲ್ಲಿ ಹಳೆಯ ಪರಿಚಿತರೊಬ್ಬರು ಪಕ್ಕದಲ್ಲಿ ಬಂದು ಕುಳಿತರು. ಅವರ ಮಗನಿಗೆ ಮಂಗಳೂರಿನಲ್ಲಿ ಕೆಲಸ ಸಿಕ್ಕಿತ್ತು. ಅವನನ್ನು ಬಿಟ್ಟುಬರಲು ಇಡೀ ಸಂಸಾರವೇ ಹೊರಟಿತ್ತು. “ನೀವು ಆ ಕಡೆ ಓಡಾಡಿದವರು. ಅಲ್ಲಿ ಊಟಕ್ಕೆ ಒಳ್ಳೇ ಹೋಟೆಲ್ ಯಾವುದು? ಮಾಮೂಲಿದು ಒಂದು ಹೇಳಿ, ಒಂದಿನದ ಮಟ್ಟಿಗೆ ದೊಡ್ಡದೂ ಒಂದು ಹೇಳಿ” ಎಂದರು. ನಾಲ್ಕು ಹೆಸರು ಹೇಳಿದೆ. ಅವರು ಕೈಬೆರಳಲ್ಲಿ ಎಣಿಸಿಕೊಂಡರು. ಇಳಿಯುವ ಮೊದಲು ದನಿ ತಗ್ಗಿಸಿ ಇನ್ನೊಂದು ಮಾತು ಕೇಳಿದರು: “ಅಲ್ಲಿ ಗಲಾಟೆ ಗಿಲಾಟೆ ಏನೂ ಇಲ್ಲ ತಾನೇ? ಮಗನ ಜೊತೆ ಓದಿದ ಹುಡುಗಿಗೂ ಅಲ್ಲೇ ಕೆಲಸ. ನಮ್ಮ ಜೊತೆ ಊಟಕ್ಕೆ ಬರ್ತಾಳೆ. ಅವರು ಬೇರೆ ಜನ.”

ಮೊದಲ ಪ್ರಶ್ನೆ ರುಚಿಯದು, ಎರಡನೆಯದು ಭಯದ್ದು ಎಂದು ಆಗ ಅಂದುಕೊಂಡೆ. ಮನೆಗೆ ಬಂದು ಯೋಚಿಸಿದಾಗ ಎರಡೂ ಒಂದೇ ಪ್ರಶ್ನೆ ಅನ್ನಿಸಿತು. ಒಂದು ಊರಿನ ಹೋಟೆಲುಗಳನ್ನು ವಿಮರ್ಶಿಸುವವರು ಮೀನು ಹದವಾಗಿ ಹುರಿದಿದೆಯೇ, ನೀರುದೋಸೆ ತೆಳ್ಳಗಿದೆಯೇ, ಎಸಿ ತಂಪಾಗಿದೆಯೇ ಎಂದು ನೋಡುತ್ತಾರೆ. ನಕ್ಷತ್ರಗಳನ್ನು ಎಣಿಸಿ ಕೊಡುತ್ತಾರೆ. ಆದರೆ ಒಂದು ಹೋಟೆಲ್ ನಮಗೆ ‘ಮೆಚ್ಚಿನದು’ ಆಗುವುದು ನಾಲಗೆಯಿಂದ ಮಾತ್ರವೇ? ಅಲ್ಲಿ ಯಾರ ಜೊತೆ ಕೂರಬಹುದು, ಯಾರ ಎದುರು ಕೂರಬಹುದು, ಎಷ್ಟು ನಿರಾಳವಾಗಿ ಕೂರಬಹುದು ಎಂಬುದಕ್ಕೂ ನಕ್ಷತ್ರ ಇರಬೇಡವೇ?

ಬೋರ್ಡುಗಳ ಭಾಷೆ

ನಮ್ಮ ಕನ್ನಡದಲ್ಲಿ ‘ಹೋಟೆಲ್’ ಎಂದರೆ ಉಣ್ಣುವ ಜಾಗ. ಮಲಗುವ ಜಾಗಕ್ಕೆ ಲಾಡ್ಜ್ ಎನ್ನುತ್ತೇವೆ. ಹೀಗೆ ಒಂದು ಪರಭಾಷೆಯ ಪದವನ್ನು ನಮ್ಮದಾಗಿಸಿಕೊಂಡ ಮೇಲೆ ಅದರ ಹಿಂದೆ ಮುಂದೆ ನಮ್ಮ ಜಾತಿಗಳನ್ನೂ ಜೋಡಿಸಿದೆವು. ಬ್ರಾಹ್ಮಣರ ಫಲಾಹಾರ ಮಂದಿರ, ಲಿಂಗಾಯತ ಖಾನಾವಳಿ, ಹಿಂದೂ ಮಿಲಿಟರಿ ಹೋಟೆಲ್, ಗೌಡ್ರ ಮುದ್ದೆ ಹೋಟೆಲ್. ಬೋರ್ಡು ಓದಿದರೆ ಸಾಕು, ಒಳಗೆ ಏನು ಬೇಯುತ್ತಿದೆ ಮತ್ತು ಯಾರು ಬೇಯಿಸುತ್ತಿದ್ದಾರೆ ಎರಡೂ ತಿಳಿಯುತ್ತದೆ. ‘ಶುದ್ಧ ಸಸ್ಯಾಹಾರಿ’ ಎಂಬ ಬೋರ್ಡಿನಲ್ಲಿ ‘ಸಸ್ಯಾಹಾರಿ’ ಎಂಬುದು ಮಾಹಿತಿ, ‘ಶುದ್ಧ’ ಎಂಬುದು ತೀರ್ಪು. ಎದುರಿನ ಹೋಟೆಲಿಗೆ ಅದು ಏನು ಹೇಳುತ್ತಿದೆ ಎಂದು ನಾವು ಕೇಳಿಕೊಳ್ಳುವುದೇ ಇಲ್ಲ.

ಹಾಸನದ ಸಾಲಗಾಮೆ ರಸ್ತೆ ಕಾಲೇಜುಗಳ ರಸ್ತೆ. 1960ರಲ್ಲಿ ಆರಂಭವಾದ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಇರುವುದು ಅಲ್ಲಿಯೇ. ಹಳ್ಳಿಯಿಂದ ಬಂದು ಇಂತಹ ರಸ್ತೆಗಳಲ್ಲಿ ಓದಿದ ನನ್ನಂಥವರಿಗೆ ಹೋಟೆಲ್ ಎಂದರೆ ಮೊದಲ ಬಿಡುಗಡೆಯಾಗಿತ್ತು. ಊರಿನಲ್ಲಿ ಯಾರ ಮನೆಯ ಜಗುಲಿಯವರೆಗೆ ಹೋಗಬಹುದು, ಯಾರ ಮನೆಯಲ್ಲಿ ನೀರು ಮುಟ್ಟಬಾರದು ಎಂಬುದೆಲ್ಲ ಹುಟ್ಟಿನಿಂದಲೇ ಬಾಯಿಪಾಠ. ಪೇಟೆಯ ಹೋಟೆಲಿನಲ್ಲಿ ಕಾಸು ಕೊಟ್ಟರೆ ಒಂದೇ ಲೋಟ, ಒಂದೇ ಬೆಂಚು. ಕಾಸಿಗೆ ಜಾತಿ ಇಲ್ಲ ಎಂಬ ಮಾತು ಪೂರ್ತಿ ನಿಜವಲ್ಲದಿದ್ದರೂ ಆ ಬೆಂಚಿನ ಮೇಲೆ ಅರೆಗಳಿಗೆ ನಿಜವಾಗುತ್ತಿತ್ತು.

ಆ ಬೆಂಚು ಸುಮ್ಮನೆ ಸಿಕ್ಕಿದ್ದಲ್ಲ. ಉಡುಪಿ ಕಡೆಯ ಹೋಟೆಲುಗಳು ಮದ್ರಾಸು, ಮುಂಬಯಿಗಳಿಗೆ ಹೋಗಿ ಹೆಸರು ಮಾಡಿದ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಮದ್ರಾಸಿನ ವುಡ್‌ಲ್ಯಾಂಡ್ಸಿನ ಕೆ. ಕೃಷ್ಣರಾಯರು, ಮಾತುಂಗದ ರಾಮ ನಾಯಕರು ದೋಸೆಯನ್ನು ದೇಶದ ತಿಂಡಿಯಾಗಿಸಿದವರು. ಅದೇ ಚರಿತ್ರೆಯ ಇನ್ನೊಂದು ಪುಟವೂ ಇದೆ. ಮದ್ರಾಸಿನ ಟ್ರಿಪ್ಲಿಕೇನಿನಲ್ಲಿ ಹೋಟೆಲೊಂದರ ಬೋರ್ಡಿನಲ್ಲಿದ್ದ ‘ಬ್ರಾಹ್ಮಣ’ ಎಂಬ ಪದವನ್ನು ತೆಗೆಸಲು ಪೆರಿಯಾರರ ಕಾರ್ಯಕರ್ತರು ದಿನದಿನವೂ ಬಂಧನಕ್ಕೊಳಗಾಗಿ ಹೋರಾಡಿದ್ದು 1957ರಲ್ಲಿ, ಅಂದರೆ ಅಸ್ಪೃಶ್ಯತೆಯನ್ನು ರದ್ದು ಮಾಡಿದ ಸಂವಿಧಾನ ಬಂದು ಏಳು ವರ್ಷಗಳ ಮೇಲೆ. ನಮ್ಮ ‘ಮಾಣಿ’ ಎಂಬ ಪದವೂ ಇಲ್ಲಿಯದೇ. ಬ್ರಾಹ್ಮಣ ವಟುವನ್ನು ಕರೆಯುತ್ತಿದ್ದ ಪದ ಹೋಟೆಲಿನಲ್ಲಿ ಲೋಟ ಎತ್ತುವ ಹುಡುಗನ ಹೆಸರಾಯಿತು. ಆಮೇಲೆ ಯಾವ ಜಾತಿಯ ಹುಡುಗ ಬಂದರೂ ಮಾಣಿಯೇ ಆದ. ಹದಿನಾಲ್ಕರೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವಂತಿಲ್ಲ ಎಂಬ ಕೇಂದ್ರ ಸರ್ಕಾರದ ಆದೇಶ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಅಲ್ಲಿಯವರೆಗೆ ನಾವೆಲ್ಲ ಆ ಹುಡುಗರ ಕೈಯಿಂದಲೇ ಕಾಫಿ ಕುಡಿದವರು.

ಎಲೆಯ ಮೇಲಿನ ಅನ್ನ

ಕರಾವಳಿಯ ಊಟದ ಬಗ್ಗೆ ಬರೆದ ಹಳೆಯ ವಿಮರ್ಶಕರಲ್ಲಿ ನನಗೆ ತುಂಬ ಇಷ್ಟವಾದವನು ಇಬ್ನ್ ಬತೂತ. ಹದಿನಾಲ್ಕನೆಯ ಶತಮಾನದಲ್ಲಿ ಈ ತೀರಕ್ಕೆ ಬಂದ ಮೊರಾಕ್ಕೊದ ಆ ಯಾತ್ರಿಕ ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಮನೆಯ ಊಟವನ್ನು ಒಂದೊಂದೇ ಪದಾರ್ಥ ಹೇಳುತ್ತ ಬಣ್ಣಿಸಿದ್ದಾನೆ. ತಾಮ್ರದ ಸೌಟಿನಲ್ಲಿ ಅನ್ನ, ಅದರ ಮೇಲೆ ತುಪ್ಪ, ಪಕ್ಕದಲ್ಲಿ ಮೆಣಸು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಮತ್ತೆ ಅನ್ನ, ಕೋಳಿ. ಮತ್ತೆ ಅನ್ನ, ಮೀನು. ತರಕಾರಿ, ಕೊನೆಗೆ ಮೊಸರು. ಏಳು ಶತಮಾನದ ಹಿಂದಿನ ಈ ಸಾಲನ್ನು ಇವತ್ತಿನ ಮಂಗಳೂರಿನ ಮೀನೂಟದ ಪಕ್ಕ ಇಟ್ಟರೆ ಹಸಿಮೆಣಸಿನಕಾಯಿ, ಒಣಮೆಣಸಿನಕಾಯಿ ಬಿಟ್ಟು ಹೆಚ್ಚೇನೂ ಬದಲಾಗಿಲ್ಲ. ಮೆಣಸಿನಕಾಯಿ ಆಮೇಲೆ ಪೋರ್ಚುಗೀಸರ ಕಾಲದಲ್ಲಿ ಬಂತು. ಬ್ಯಾಡಗಿಯ ಕೆಂಪಿಲ್ಲದ ಕರಾವಳಿಯ ಅಡುಗೆಯನ್ನು ಇಂದು ಊಹಿಸುವುದೂ ಕಷ್ಟ. ‘ನಮ್ಮ ಅಪ್ಪಟ ಪರಂಪರೆ’ ಎಂದು ಮೆನುವಿನಲ್ಲಿ ಬರೆಸುವವರು ಇದನ್ನೊಮ್ಮೆ ನೆನೆಯಬೇಕು.

ಮಂಗಳೂರಿನಲ್ಲಿ ಆಗಲೇ ಸುಮಾರು ನಾಲ್ಕು ಸಾವಿರ ಮುಸ್ಲಿಮರಿದ್ದರೆಂದು ಅದೇ ಯಾತ್ರಿಕ ಬರೆಯುತ್ತಾನೆ. ಮಲಬಾರಿನ ದಾರಿಯ ಬಗ್ಗೆ ಹೇಳುವಾಗ ಇನ್ನೊಂದು ಸಂಗತಿಯನ್ನೂ ಕೋಪವಿಲ್ಲದೆ ದಾಖಲಿಸುತ್ತಾನೆ. ಅಲ್ಲಿನ ಮುಸ್ಲಿಮೇತರರು ಮುಸ್ಲಿಂ ಪ್ರಯಾಣಿಕರನ್ನು ಮನೆಯೊಳಗೆ ಸೇರಿಸುವುದಿಲ್ಲ, ತಮ್ಮ ಪಾತ್ರೆಯಲ್ಲಿ ಉಣಿಸುವುದಿಲ್ಲ. ಆದರೆ ಬಾಳೆ ಎಲೆಯ ಮೇಲೆ ಅನ್ನ, ಸಾರು ಬಡಿಸುತ್ತಾರೆ. ಅನ್ನ ಕೊಡುವ ಮನಸ್ಸಿದೆ, ಜೊತೆಗೆ ಕೂರುವ ಮನಸ್ಸಿಲ್ಲ. ನಮ್ಮ ನಾಡಿನ ಔದಾರ್ಯದ ಹಳೆಯ ನಡೆ ಇದು. ಅನ್ನ ಹಾಕುವುದು ಸುಲಭ, ಪಂಕ್ತಿ ಹಂಚಿಕೊಳ್ಳುವುದು ಕಷ್ಟ. 1917ರಲ್ಲಿ ಕೇರಳದ ಚೆರಾಯಿಯಲ್ಲಿ ಸಹೋದರನ್ ಅಯ್ಯಪ್ಪನ್ ಎಂಬ ಯುವಕ ಬೇರೆ ಬೇರೆ ಜಾತಿಯವರನ್ನು ಒಟ್ಟಿಗೆ ಕೂರಿಸಿ ಉಣ್ಣಿಸಿದ್ದಕ್ಕೆ ಬಹಿಷ್ಕಾರ ಎದುರಿಸಬೇಕಾಯಿತು. ನೂರು ವರ್ಷ ಕಳೆದು, 2017ರ ಜೂನ್ 24ರಂದು ಉಡುಪಿ ಕೃಷ್ಣಮಠದ ಆವರಣದಲ್ಲಿ ಪೇಜಾವರದ ವಿಶ್ವೇಶತೀರ್ಥರು ಇಫ್ತಾರ್ ಏರ್ಪಡಿಸಿದಾಗ ಅದಕ್ಕೂ ಪ್ರತಿಭಟನೆಗಳಾದವು. ಹಣ್ಣು ಖರ್ಜೂರಗಳ ಒಂದು ಸಂಜೆ ರಾಜ್ಯದ ಸುದ್ದಿಯಾಯಿತು.

ನಾರಾಯಣದ ಮೇಜು

ಸುದ್ದಿಯಾಗದ ಪಂಕ್ತಿಯೊಂದನ್ನು ನೋಡಬೇಕಾದರೆ ಮಧ್ಯಾಹ್ನದ ಹೊತ್ತಿಗೆ ಮಂಗಳೂರಿನ ಬಂದರಿಗೆ ಹೋಗಬೇಕು. ಹಾಸನದಿಂದ ಶಿರಾಡಿ ಇಳಿದು ಸುಮಾರು 170 ಕಿ.ಮೀ. ಬಂದವರಿಗೆ ಆ ಬೀದಿಗಳು ಒಮ್ಮೆಲೇ ಬೇರೊಂದು ಲೋಕ. ಗೋದಾಮು, ಮೂಟೆ, ಒಣಮೀನಿನ ವಾಸನೆ, ಮರದ ಕೆತ್ತನೆಯ ಪುರಾತನ ಝೀನತ್ ಬಕ್ಷ್ ಮಸೀದಿ. ಅಲ್ಲೇ ಅಜೀಜುದ್ದೀನ್ ರಸ್ತೆಯಲ್ಲಿ ನಾರಾಯಣ ಎಂಬ ಹೋಟೆಲಿದೆ. ವಿಳಾಸವನ್ನು ಯಾರೂ ಸೌಹಾರ್ದ ಭಾಷಣಕ್ಕಾಗಿ ಬರೆದದ್ದಲ್ಲ. ಊರು ಬೆಳೆದ ರೀತಿಯೇ ಹಾಗೆ.

ಒಳಗೆ ಜಾಗ ಕಡಿಮೆ, ಜನ ಹೆಚ್ಚು. ಖಾಲಿ ಮೇಜಿಗಾಗಿ ಕಾಯುವ ಪದ್ಧತಿ ಇಲ್ಲ, ಖಾಲಿ ಕುರ್ಚಿಗೆ ಕಾಯಬೇಕು. ಮೂಟೆ ಹೊತ್ತು ಬಂದವರು, ಬ್ಯಾಂಕಿನವರು, ವಕೀಲರು, ಕಾರಿನಲ್ಲಿ ಬಂದ ಸಂಸಾರಗಳು ಸಿಕ್ಕಿದಲ್ಲಿ ಕೂರುತ್ತಾರೆ. ಅನ್ನ, ಪಲ್ಯ, ಮೀನಿನ ಸಾರು ಬರುತ್ತದೆ. ಆಮೇಲೆ ಹುರಿದ ಮೀನಿನ ತಟ್ಟೆ ಹಿಡಿದು ಒಬ್ಬರು ನಮ್ಮ ಮುಂದೆ ನಿಲ್ಲುತ್ತಾರೆ. ಬೇಕಾದ್ದನ್ನು ಕಣ್ಣಾರೆ ನೋಡಿ ಆರಿಸಬಹುದು. ಬಂಗುಡೆಯೋ, ಕಾಣೆಯೋ, ಅಂಜಲ್ ತುಂಡೋ. ಕಾದ ತವೆಯ ಮೇಲೆ ಮಸಾಲೆ ಕರಿದು ಅಂಚುಗಟ್ಟಿರುತ್ತದೆ, ಒಳಗಿನ ಮಾಂಸ ಬೆಳ್ಳಗೆ ಹಸಿಯುಳಿದಿರುತ್ತದೆ. ಹುಳಿ, ಖಾರ, ಬೆಳ್ಳುಳ್ಳಿ ಒಂದಾದ ಮೇಲೆ ಒಂದು ನಾಲಗೆಗೆ ತಿಳಿಯುತ್ತವೆ. ಮುದ್ದೆ, ಹುರುಳಿಸಾರಿಗೆ ಹೊಂದಿಕೊಂಡ ಬಯಲುಸೀಮೆಯ ಬಾಯಿಗೆ ಮೊದಲು ಅಭ್ಯಾಸವಾಗದ್ದು ಮೀನಿನ ಮುಳ್ಳು. ನನಗೆ ಮೊದಲ ಬಾರಿ ಬಂಗುಡೆಯ ಬೆನ್ನುಮೂಳೆಯನ್ನು ಒಂದೇ ಎಳೆತಕ್ಕೆ ಬಿಡಿಸುವುದನ್ನು ತೋರಿಸಿಕೊಟ್ಟವರು ಎದುರು ಕುಳಿತಿದ್ದ ಅಪರಿಚಿತರು. ಅವರ ಹೆಸರನ್ನು ನಾನು ಕೇಳಲಿಲ್ಲ, ಅವರು ನನ್ನ ಹೆಸರು ಕೇಳಲಿಲ್ಲ.

ಇದನ್ನು ಅತಿಯಾಗಿ ಹೊಗಳುವ ಅಪಾಯ ನನಗೆ ಗೊತ್ತಿದೆ. ನಮ್ಮಂಥ ಪತ್ರಿಕೆಗಳಲ್ಲಿ ಬರೆಯುವವರು ಮೀನೂಟದಲ್ಲೂ ಸೌಹಾರ್ದವನ್ನು ಹುಡುಕಿ ತೃಪ್ತರಾಗುತ್ತೇವೆ. ನಾರಾಯಣದ ಮೇಜು ಆದರ್ಶದಿಂದ ಹುಟ್ಟಿದ್ದಲ್ಲ, ಜಾಗದ ಅಭಾವದಿಂದ ಹುಟ್ಟಿದ್ದು. ಅಲ್ಲಿ ಒಟ್ಟಿಗೆ ಉಂಡವರು ಕೈ ತೊಳೆದು ತಮ್ಮ ತಮ್ಮ ಕೇರಿಗೇ ಹೋಗುತ್ತಾರೆ. ಮತ ಹಾಕುವಾಗ ಬಂಗುಡೆ ನೆನಪಾಗುವುದಿಲ್ಲ. ಆದರೂ ಒಂದು ಮಾತು ಉಳಿಯುತ್ತದೆ. ಅಪರಿಚಿತನ ಎಂಜಲು ತಟ್ಟೆಯ ಎದುರು ಕೂತು ಅಸಹ್ಯಪಡದೆ ಉಣ್ಣುವುದು ಒಂದು ಅಭ್ಯಾಸ, ಮತ್ತು ಅದು ಅಭ್ಯಾಸದಿಂದಲೇ ಬರಬೇಕು. ಅದನ್ನು ಕಲಿಸುವ ಬೇರೆ ಶಾಲೆ ನಮ್ಮಲ್ಲಿ ಹೆಚ್ಚಿಲ್ಲ.

ರಥಬೀದಿಯ ಸನಿಹದ ಗಲ್ಲಿಯಲ್ಲಿರುವ ಗಿರಿಮಂಜಾಸ್ ಇದೇ ಜಾತಿಗೆ ಸೇರಿದ್ದು, ಮೀನೂ ಅಷ್ಟೇ ಚೆನ್ನ. ವೆಂಕಟರಮಣ ದೇವಸ್ಥಾನದಿಂದ ಕೂಗಳತೆಯಲ್ಲಿ ಮೀನು ಹುರಿಯುವುದು ಘಟ್ಟದ ಮೇಲಿನ ನಮಗೆ ಆಶ್ಚರ್ಯ. ಅಲ್ಲಿನ ಕೊಂಕಣಿಗರಿಗೆ ಅದರಲ್ಲಿ ವಿಶೇಷವೇನೂ ಇಲ್ಲ. ಮಾಂಸ ತಿನ್ನದವರು ಕೊಡಿಯಾಲಬೈಲಿನ ನ್ಯೂ ತಾಜ್ ಮಹಲ್ ಕೆಫೆಗೆ ಹೋಗಿ ಬನ್ಸ್, ಬಿಸ್ಕುಟ್ ರೊಟ್ಟಿ ತಿನ್ನಬಹುದು. ಸಸ್ಯಾಹಾರಿ ಹೋಟೆಲಿಗೆ ಮೊಗಲರ ಗೋರಿಯ ಹೆಸರಿಡಲು ಯಾರ ಭಾವನೆಗೂ ನೋವಾಗದ ಕಾಲ ಒಂದಿತ್ತು ಎಂಬುದಕ್ಕೆ ಆ ಬೋರ್ಡು ಸಾಕ್ಷಿ.

ಮೆನುವಿನಲ್ಲಿ ಯಾರಿದ್ದಾರೆ?

‘ಮಂಗಳೂರು ಶೈಲಿ’ ಎಂದು ಹೊರಗಿನವರು ಕರೆಯುವುದು ಯಾರ ಶೈಲಿ? ಕೋರಿರೊಟ್ಟಿ, ಪುಳಿಮುಂಚಿ, ನೀರುದೋಸೆ ಎಲ್ಲ ಕಡೆ ಸಿಗುತ್ತವೆ. ಘೀ ರೋಸ್ಟ್ ಅಂತೂ ಬೆಂಗಳೂರಿನ ಗಲ್ಲಿಗಲ್ಲಿಯಲ್ಲಿದೆ. ಅದರ ಮೂಲ ಮಂಗಳೂರೂ ಅಲ್ಲ, ಕುಂದಾಪುರದ ಶೆಟ್ಟಿ ಲಂಚ್ ಹೋಂ. ತುಳುನಾಡಿನಿಂದ ಮುಂಬಯಿಗೆ ವಲಸೆ ಹೋದವರು ಅಲ್ಲಿ ಕಟ್ಟಿದ ಮಹೇಶ್ ಲಂಚ್ ಹೋಂನಂಥ ಹೋಟೆಲುಗಳೇ ಈ ಅಡುಗೆಗೆ ‘ಬ್ರಾಂಡ್’ ಎಂಬ ರೂಪ ಕೊಟ್ಟವು. ಮುಂಬಯಿಯಲ್ಲಿ ಹೆಸರಾದ ಗಜಾಲಿ ಮಂಗಳೂರಿನ ಕದ್ರಿಯಲ್ಲೂ ಶಾಖೆ ತೆರೆಯಿತು. ಹೊಟ್ಟೆಪಾಡಿಗೆ ಹೊರಟ ಮೀನು ದೊಡ್ಡ ಮನುಷ್ಯನಾಗಿ ಊರಿಗೆ ಮರಳಿತು.

ಆದರೆ ಇದೇ ಊರಿನ ಕ್ರೈಸ್ತರ ಸಾನ್ನಾ, ಸೊರ್ಪೊತೆಲ್‌ಗಳನ್ನು ಹುಡುಕಬೇಕು. ಬ್ಯಾರಿಗಳ ಅಡುಗೆಯಲ್ಲಿ ಬಿರಿಯಾನಿಯೊಂದೇ ಹೋಟೆಲಿನ ಬೋರ್ಡಿಗೇರಿತು. ಪಿಂಡಿ, ಪತ್ತಿರ್, ನೈಅಪ್ಪ, ಗುಳಿಅಪ್ಪಗಳು ಬಹುಮಟ್ಟಿಗೆ ಮನೆಯೊಳಗೆ, ರಂಜಾನಿನ ಸಂಜೆಗಳಲ್ಲಿ, ಮದುವೆಯ ಮನೆಗಳಲ್ಲಿ ಉಳಿದವು. ಅವನ್ನು ಮಾಡಬಲ್ಲವರು ಹೆಣ್ಣುಮಕ್ಕಳು. ಹೋಟೆಲಿನ ಒಲೆಯ ಮುಂದೆ ನಿಂತವರು ಗಂಡಸರು. ಒಂದು ಅಡುಗೆ ಸಾರ್ವಜನಿಕವಾಗದೇ ಹೋಗುವುದಕ್ಕೆ ಹೊರಗಿನವರ ಮಡಿಯಷ್ಟೇ ಒಳಗಿನವರ ಪರದೆಯೂ ಕಾರಣವಾಗಬಲ್ಲದು ಎಂಬುದನ್ನು ನಾವು ಒಪ್ಪಿಕೊಳ್ಳಬೇಕು. ಇನ್ನು ಈ ನೆಲದ ಮೂಲನಿವಾಸಿಗಳಾದ ಕೊರಗರು ಉಣ್ಣುವುದು ಏನು ಎಂದು ಯಾವ ಮೆನುವೂ ಹೇಳುವುದಿಲ್ಲ. ಬಡವರ ತಟ್ಟೆಯ ಅಗ್ಗದ ಮಾಂಸವಂತೂ 2020ರ ಗೋಹತ್ಯೆ ನಿಷೇಧ ಕಾಯ್ದೆಯ ನಂತರ ಬಾಯಿಬಿಟ್ಟು ಕೇಳುವ ಪದಾರ್ಥವಾಗಿ ಉಳಿದಿಲ್ಲ. ಹದಿಮೂರು ವರ್ಷ ದಾಟಿದ ಎಮ್ಮೆ, ಕೋಣಗಳಿಗೆ ಕಾನೂನೇ ವಿನಾಯಿತಿ ಕೊಟ್ಟಿದ್ದರೂ ಭಯಕ್ಕೆ ವಿನಾಯಿತಿ ಇಲ್ಲ.

ಇದು ಕರಾವಳಿಯ ಕಾಯಿಲೆ ಮಾತ್ರ ಎಂದು ಘಟ್ಟದ ಮೇಲಿನವರು ಬೀಗಬೇಕಿಲ್ಲ. ನಮ್ಮ ಹಾಸನ ಸೀಮೆಯಲ್ಲಿ ಯುಗಾದಿಯ ಮರುದಿನ ಹೊಸತೊಡಕು. ಊರವರೆಲ್ಲ ಸೇರಿ ಕುರಿ ಕೊಯ್ಸಿ ಗುಡ್ಡೆ ಬಾಡು ಹಂಚಿಕೊಳ್ಳುತ್ತಿದ್ದೆವು. ಕತ್ತಿ ಹಿಡಿಯಲು ಸಾಬರನ್ನು ಕರೆಯುವುದು ನನ್ನ ಬಾಲ್ಯದಲ್ಲಿ ಪ್ರಶ್ನೆಯೇ ಆಗಿರಲಿಲ್ಲ. 2022ರ ಯುಗಾದಿಗೆ ಹಲಾಲ್ ಬಹಿಷ್ಕಾರದ ಕರೆ ಬಂದಾಗ ಮೊದಲ ಬಾರಿಗೆ ನಮ್ಮ ಬಾಡಿನ ಗುಡ್ಡೆಗೂ ಧರ್ಮ ಬಂತು.

ತಣ್ಣನೆಯ ಕೋಣೆಗಳು

ಈಗ ಆ ‘ದೊಡ್ಡ ಹೋಟೆಲಿನ’ ಪ್ರಶ್ನೆ. ಮಂಗಳೂರಿನಲ್ಲಿ ಅಂಥವು ಸಾಕಷ್ಟಿವೆ, ಮೀನೂ ಚೆನ್ನಾಗಿಯೇ ಮಾಡುತ್ತಾರೆ. ಶ್ರೀಮಂತರು ಹೋಗುತ್ತಾರೆ ಎಂಬ ಒಂದೇ ಕಾರಣಕ್ಕೆ ಹೀಗಳೆಯುವುದು ವಿಮರ್ಶೆಯಲ್ಲ. ವರ್ಷಕ್ಕೊಮ್ಮೆ ತಾಯಿಯನ್ನು ಒಳ್ಳೆಯ ಕುರ್ಚಿಯಲ್ಲಿ ಕೂರಿಸಿ, ಬಿಳಿ ಬಟ್ಟೆಯ ಮೇಜಿನಲ್ಲಿ, ಯಾರೂ ಅವಸರಿಸದಂತೆ ಉಣ್ಣಿಸುವ ಆಸೆ ನ್ಯಾಯವಾದ ಆಸೆ. ಗೌರವದಿಂದ ಬಡಿಸಿಕೊಳ್ಳುವುದು ಎಲ್ಲ ಮನುಷ್ಯರಿಗೂ ಬೇಕು.

ನನ್ನ ತಕರಾರು ಬೇರೆ. ಒಂದು ಜುಲೈ ತಿಂಗಳಲ್ಲಿ, ಹೆಸರು ಬೇಡ, ಅಂಥದೊಂದು ಕಡೆ ಹೋಗಿದ್ದೆವು. ‘ಇವತ್ತಿನ ತಾಜಾ ಅಂಜಲ್’ ಎಂದು ಹಲಗೆಯ ಮೇಲೆ ಬರೆದಿತ್ತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ತೀರದಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ. ಆಗ ನಾಡದೋಣಿಯವರು ಹಿಡಿದ ಅಷ್ಟಿಷ್ಟು, ಹೊಳೆಮೀನು, ಇಲ್ಲವೇ ಬೇರೆ ರಾಜ್ಯದ ಐಸಿನ ಮೀನು. ತಾಜಾ ಎಲ್ಲಿಂದ ಬಂತು ಎಂದು ಕೇಳಿದೆ. ಬಡಿಸುವ ಹುಡುಗ ತಬ್ಬಿಬ್ಬಾದ. ಅವನು ಒಡಿಶಾದವನು, ಬಂದು ಮೂರು ತಿಂಗಳಾಗಿತ್ತು. ಅವನದೇನೂ ತಪ್ಪಿಲ್ಲ. ಮಳೆಗಾಲದಲ್ಲಿ ಒಣಮೀನಿನ ಚಟ್ನಿ, ಪತ್ರೊಡೆ, ಹಲಸಿನ ಬೀಜದ ಸಾರು ಉಣ್ಣುವ ಊರಿನಲ್ಲಿ ವರ್ಷವಿಡೀ ಒಂದೇ ಮೆನು ಇಡುವುದು ನಯವಲ್ಲ, ಸುಳ್ಳು. ಸಣ್ಣ ಹೋಟೆಲಿನವನು ‘ಇವತ್ತು ಅಂಜಲ್ ಇಲ್ಲ ಅಣ್ಣ’ ಎಂದುಬಿಡುತ್ತಾನೆ. ದೊಡ್ಡ ಹೋಟೆಲಿಗೆ ‘ಇಲ್ಲ’ ಎನ್ನುವ ಧೈರ್ಯ ಬಂದ ದಿನ ಅದನ್ನು ನಿಜವಾಗಿ ದೊಡ್ಡದು ಎನ್ನಬಹುದು.

ಎರಡನೆಯದು ದೂರ. ತಣ್ಣನೆಯ ಕೋಣೆಯಲ್ಲಿ ಮೇಜಿಗೂ ಮೇಜಿಗೂ ನಡುವೆ ಇರುವ ಅಂತರಕ್ಕೇ ನಾವು ಹಣ ಕೊಡುವುದು. ಅಪರಿಚಿತರು ಎದುರಿಗೆ ಕೂರದಿರಲಿ ಎಂಬುದೇ ಅಲ್ಲಿನ ಸವಲತ್ತು. ಬೋರ್ಡಿನಲ್ಲಿ ಜಾತಿಯ ಹೆಸರಿಲ್ಲ, ಬಿಲ್ಲಿನ ಮೊತ್ತವೇ ಆ ಕೆಲಸ ಮಾಡುತ್ತದೆ.

ಬಾಗಿಲು

ಆದರೂ ನನ್ನ ಪರಿಚಿತರಿಗೆ ದೊಡ್ಡ ಹೋಟೆಲಿನ ಹೆಸರನ್ನು ನಾನು ಹೇಳಿದ್ದೇಕೆ? ಅಲ್ಲಿ ಬಾಗಿಲ ಬಳಿ ಕಾವಲುಗಾರ ಇರುತ್ತಾನೆ ಎಂದು. ಇದನ್ನು ಬರೆಯುವಾಗ ನನಗೇ ನಾಚಿಕೆಯಾಗುತ್ತದೆ.

2009ರ ಜನವರಿ 24ರಂದು ಮಂಗಳೂರಿನ ಪಬ್ಬೊಂದಕ್ಕೆ ನುಗ್ಗಿದ ಶ್ರೀರಾಮಸೇನೆಯ ಗುಂಪು ಅಲ್ಲಿದ್ದ ಹುಡುಗಿಯರನ್ನು ಅಟ್ಟಾಡಿಸಿ ಹೊಡೆದದ್ದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. 2012ರ ಜುಲೈಯಲ್ಲಿ ಪಡೀಲಿನ ಹೋಂಸ್ಟೇ ಒಂದರಲ್ಲಿ ಹುಟ್ಟುಹಬ್ಬಕ್ಕೆ ಸೇರಿದ ಹುಡುಗ ಹುಡುಗಿಯರ ಮೇಲೆ ಅದೇ ನಡೆಯಿತು. 2009ರ ಪ್ರಕರಣದ ಆರೋಪಿಗಳನ್ನು 2018ರಲ್ಲಿ ನ್ಯಾಯಾಲಯ ಸಾಕ್ಷ್ಯ ಸಾಲದೆಂದು ಬಿಡುಗಡೆ ಮಾಡಿತು. ಇಡೀ ದೇಶ ನೋಡಿದ್ದಕ್ಕೆ ಸಾಕ್ಷಿ ಸಾಲಲಿಲ್ಲ. ಹೊಡೆತ ಬಿದ್ದದ್ದು ಕೆಲವರಿಗೆ, ಪಾಠ ತಲುಪಿದ್ದು ಊರಿಗೆ. ಬೇರೆ ಬೇರೆ ಧರ್ಮದ ಹುಡುಗ ಹುಡುಗಿ ಒಂದು ಮೇಜಿನಲ್ಲಿ ಕೂತರೆ ಪಕ್ಕದ ಮೇಜಿನಿಂದ ಯಾರಿಗೋ ಫೋನು ಹೋಗಬಹುದು ಎಂಬ ಅಳುಕು ನಗರದ ಊಟದ ಭಾಗವಾಯಿತು. ಈ ಕಾವಲು ಕೆಲಸದಲ್ಲಿ ಒಂದೇ ಧರ್ಮದವರಿಲ್ಲ. ತಮ್ಮ ಸಮುದಾಯದ ಹುಡುಗಿ ಯಾರ ಜೊತೆ ಕೂತಿದ್ದಾಳೆ ಎಂದು ಇಣುಕುವವರು ಎಲ್ಲ ಕಡೆಯೂ ಇದ್ದಾರೆ. ಇದು ಗಡ್‌ಬಡ್ ಐಸ್‌ಕ್ರೀಮಿಗೆ ಹೆಸರಾದ ಊರು. 1975ರಲ್ಲಿ ಶುರುವಾದ ಐಡಿಯಲ್‌ನಂಥ ಐಸ್‌ಕ್ರೀಂ ಅಂಗಡಿಗಳು ಕಾಲೇಜು ಹುಡುಗ ಹುಡುಗಿಯರಿಗೆ ಮನೆಯ ಹೊರಗಿನ ಮೊದಲ ಮೇಜನ್ನು ಒದಗಿಸಿದ ಊರು. ಅಲ್ಲಿ ಒಂದು ಲೋಟ ಐಸ್‌ಕ್ರೀಮಿನಲ್ಲಿ ಎರಡು ಚಮಚ ಹಾಕಲು ಧೈರ್ಯ ಬೇಕಾಗಿರುವುದು ಯಾವ ಅಭಿರುಚಿ?

ಹಾಗಾಗಿ ಹೋಟೆಲಿನ ವಿಮರ್ಶೆಗೆ ನನ್ನ ಅಳತೆಗೋಲುಗಳು ಇಷ್ಟೇ. ಇವತ್ತು ಏನಿಲ್ಲ ಎಂದು ಅದು ನಿಜ ಹೇಳುತ್ತದೆಯೇ? ಬಡಿಸುವವರನ್ನು ಹೆಸರು ಹಿಡಿದು ಕರೆಯುತ್ತಾರೆಯೇ? ಬುರ್ಖಾದವರು, ಕುಂಕುಮದವರು, ಒಬ್ಬಂಟಿ ಹೆಣ್ಣುಮಕ್ಕಳು ‘ಫ್ಯಾಮಿಲಿ ರೂಮ್’ನ ಪರದೆಯ ಹಿಂದೆ ಹೋಗದೆ ನಡುಮೇಜಿನಲ್ಲಿ ಕೂರಬಹುದೇ? ಗುಂಪೊಂದು ಬಾಗಿಲಿಗೆ ಬಂದರೆ ಗಲ್ಲಾದಲ್ಲಿ ಕೂತ ಯಜಮಾನ ಎದ್ದು ನಿಲ್ಲುತ್ತಾನೆಯೇ? ಈ ಕೊನೆಯದಕ್ಕೆ ಉತ್ತರ ಯಾವ ಮೆನುವಿನಲ್ಲೂ ಇರುವುದಿಲ್ಲ.

ಮೊನ್ನೆ ನನ್ನ ಪರಿಚಿತರು ಫೋನು ಮಾಡಿದ್ದರು. ಮೊದಲ ದಿನ ನಾರಾಯಣಕ್ಕೆ ಹೋದರಂತೆ. ಐವರಿಗೆ ಒಟ್ಟಿಗೆ ಜಾಗ ಸಿಗದೆ ಮೂರು ಮೇಜಿಗೆ ಹಂಚಿಹೋದರಂತೆ. ಅವರ ಹೆಂಡತಿಗೆ ಮುಳ್ಳು ಬಿಡಿಸಿಕೊಟ್ಟದ್ದು ಆ ಹುಡುಗಿ. ಸಂಜೆ ದೊಡ್ಡ ಹೋಟೆಲಿಗೂ ಹೋದರು. ಅಲ್ಲಿ ಎಲ್ಲರೂ ಒಂದೇ ಮೇಜಿನಲ್ಲಿ ಕೂತರು. ಊಟ ಹೇಗಿತ್ತು ಎಂದು ಕೇಳಿದೆ. “ಮಧ್ಯಾಹ್ನದ ಮೀನಿನ ರುಚಿ ಇನ್ನೂ ಬಾಯಲ್ಲಿದೆ ಕಣ್ರೀ. ರಾತ್ರೀದು ನೆನಪಿಲ್ಲ. ಗಲಾಟೆ ಏನೂ ಆಗ್ಲಿಲ್ಲ. ಆದ್ರೂ ನಾನು ಊಟ ಮುಗಿಯೋವರೆಗೂ ಬಾಗಿಲ ಕಡೇನೇ ನೋಡ್ತಿದ್ದೆ” ಎಂದರು.